ಮಂಡ್ಯದಿಂದ ತಾಜ್ ಮಹಲ್‌ಗೆ: ಯಾವ ದಿನ ರೈಲು ಹತ್ತಬೇಕು, ಹೋದ ಮೇಲೆ ಏನು ನೋಡಬೇಕು

ನಿಮ್ಮ ಪ್ರಶ್ನೆ ಇಷ್ಟು: ಮಂಡ್ಯದಿಂದ ಅಪ್ಪ-ಅಮ್ಮನನ್ನು ರೈಲಲ್ಲಿ ಕರೆದುಕೊಂಡು ಹೋಗ್ತೀರಿ, ಆಗ್ರಾದಲ್ಲಿ ಒಂದೇ ರಾತ್ರಿ ಉಳಿಯೋದು, ಅಮ್ಮನಿಗೆ ಮಂಡಿ ನೋವು. ತಾಜ್ ನೋಡೋಕೆ ಬೆಳಗ್ಗೆ ಒಳ್ಳೇದಾ ಸಂಜೆ ಒಳ್ಳೇದಾ, ಆ 200 ರೂಪಾಯಿಯ ಇನ್ನೊಂದು ಟಿಕೆಟ್ ತಗೋಬೇಕಾ?

ಬೆಳಗ್ಗೆಯೇ ನೋಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೂ ಮೊದಲು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ತಾಜ್‌ಗೆ ಪ್ರತಿ ಶುಕ್ರವಾರ ರಜೆ. ನಮ್ಮ ಕಡೆಯಿಂದ ಹೋಗುವವರು ಎಡವುವುದು ಇಲ್ಲೇ. ಕರ್ನಾಟಕ ಎಕ್ಸ್‌ಪ್ರೆಸ್ ಬೆಂಗಳೂರನ್ನು ಸಂಜೆ ಬಿಟ್ಟು, ನಡುವೆ ಒಂದು ಇಡೀ ದಿನ ಓಡಿ, ಮೂರನೇ ದಿನ ಬೆಳಗ್ಗೆ ಆಗ್ರಾ ಕ್ಯಾಂಟ್ ಸೇರುತ್ತೆ. ಅಂದರೆ ಬುಧವಾರ ಹತ್ತಿದರೆ ಇಳಿಯೋದು ಶುಕ್ರವಾರ. ಇದು ಎಲ್ಲರಿಗೂ ಹೊಳೆಯುತ್ತೆ. ಹೊಳೆಯದೇ ಇರೋದು ಮಂಗಳವಾರದ ಲೆಕ್ಕ. ಮಂಗಳವಾರ ಹತ್ತಿ ಗುರುವಾರ ಇಳಿದು, ಸ್ನಾನ ಮಾಡಿ ಸುಧಾರಿಸಿಕೊಂಡು "ನಾಳೆ ಸೂರ್ಯೋದಯಕ್ಕೆ ಹೋಗೋಣ" ಅಂದುಕೊಂಡರೆ ಆ ನಾಳೆಯೇ ಶುಕ್ರವಾರ! ಶನಿವಾರ, ಭಾನುವಾರ ಅಥವಾ ಸೋಮವಾರ ಹತ್ತಿ. ಇಳಿದ ದಿನ ಕೋಟೆ, ಮರುದಿನ ಬೆಳಗ್ಗೆ ತಾಜ್. ವಾರಾಂತ್ಯದ ಜನಜಂಗುಳಿಯೂ ತಪ್ಪುತ್ತೆ. ವಿಮಾನದಲ್ಲಿ ದೆಹಲಿಗೆ ಹೋಗಿ ನಿಜಾಮುದ್ದೀನ್‌ನಿಂದ ಗತಿಮಾನ್ ಹಿಡಿಯುವವರಿಗೆ ಈ ತೊಂದರೆ ಕಡಿಮೆ, ಆ ರೈಲು ಶುಕ್ರವಾರ ಓಡೋದೇ ಇಲ್ಲ.

ತಿಂಗಳ ಬಗ್ಗೆಯೂ ಒಂದು ಮಾತು. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಅಲ್ಲಿ ಬೀಳೋದು ನಮ್ಮ ಮೈಸೂರು ಸೀಮೆಯ ಮಂಜಲ್ಲ. ಮುಖ್ಯದ್ವಾರದಲ್ಲಿ ನಿಂತರೆ ಎದುರಿಗಿರುವ ಗುಮ್ಮಟವೇ ಕಾಣದಂಥ ದಿನಗಳಿರುತ್ತವೆ, ರೈಲುಗಳೂ ಗಂಟೆಗಟ್ಟಲೆ ತಡ. ಮೇ, ಜೂನ್‌ನಲ್ಲಿ ವಯಸ್ಸಾದವರನ್ನು ಆ ಬಿಸಿಲಿಗೆ ಒಡ್ಡಲೇಬೇಡಿ. ದಸರಾ ರಜೆ ಮುಗಿದ ಮೇಲಿಂದ ನವೆಂಬರ್ ಪೂರ್ತಿ, ಆಮೇಲೆ ಫೆಬ್ರವರಿ, ಇವು ಹದವಾದ ಕಾಲ.

ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಬಾಗಿಲು ತೆಗೆಯುತ್ತಾರೆ. ಟಿಕೆಟ್ಟನ್ನು ಹಿಂದಿನ ರಾತ್ರಿಯೇ ಪುರಾತತ್ವ ಇಲಾಖೆಯ ಜಾಲತಾಣದಲ್ಲಿ ತೆಗೆದಿಡಿ. ಭಾರತೀಯರಿಗೆ 50 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ, ಒಳಗಿರೋಕೆ ಮೂರು ಗಂಟೆ ಅವಕಾಶ. ಪೂರ್ವ ಮತ್ತು ಪಶ್ಚಿಮದ ಗೇಟುಗಳಲ್ಲಿ ಪ್ರವೇಶ. ಪೆಟ್ರೋಲ್, ಡೀಸೆಲ್ ಗಾಡಿಗಳನ್ನು ದೂರದಲ್ಲೇ ತಡೆಯುತ್ತಾರೆ. ಪೂರ್ವದ ಶಿಲ್ಪಗ್ರಾಮ ಪಾರ್ಕಿಂಗ್‌ನಿಂದ ಗೇಟಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಆಗುತ್ತೆ, ಅಮ್ಮನನ್ನು ಅಲ್ಲಿಂದ ಬ್ಯಾಟರಿ ಗಾಡಿಯಲ್ಲಿ ಕೂರಿಸಿ. ಅವರ ಮಂಡಿಯ ಶಕ್ತಿಯನ್ನು ಒಳಗೆ ನಡೆಯೋಕೆ ಉಳಿಸಿಕೊಳ್ಳಬೇಕು.

ತಪಾಸಣೆಯಲ್ಲಿ ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಸಾಲು, ಹಾಗಾಗಿ ಎಲ್ಲರ ಸಾಮಾನನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ನೀರು, ಫೋನು, ಮಾತ್ರೆ ಇದ್ದರೆ ಸಾಕು. ಚಕ್ಕುಲಿ, ಕೋಡುಬಳೆ ಡಬ್ಬ ರೂಮಿನಲ್ಲೇ ಇರಲಿ, ತಿಂಡಿ ಒಳಗೆ ಬಿಡಲ್ಲ. ಅಪ್ಪನ ಎಲೆ-ಅಡಿಕೆ ಚೀಲದಲ್ಲಿ ಹೊಗೆಸೊಪ್ಪು, ಅಡಕತ್ತರಿ ಇದ್ದರೆ ಅದಂತೂ ಖಂಡಿತ ಬಿಡಲ್ಲ. ಹಿಂದಕ್ಕೆ ಹೋಗಿ ಲಾಕರ್‌ನಲ್ಲಿಟ್ಟು ಮತ್ತೆ ಸಾಲಿನ ತುದಿಯಿಂದ ಬರಬೇಕಾಗುತ್ತೆ, ಅಷ್ಟರಲ್ಲಿ ಸೂರ್ಯ ಮೇಲೆ ಬಂದಿರುತ್ತಾನೆ.

ಇನ್ನು 200 ರೂಪಾಯಿ ವಿಷಯ. ಬಿಳಿ ಅಮೃತಶಿಲೆಯ ಜಗತಿ, ಅಂದರೆ ಎತ್ತರದ ಕಟ್ಟೆ, ಹತ್ತಿ ಗೋರಿಯ ಮಂಟಪದೊಳಗೆ ಹೋಗೋಕೆ ಅದು ಬೇಕು. ಬರೀ 50ರ ಟಿಕೆಟ್ಟಿಗೆ ತೋಟ ಮತ್ತು ಕೆಳಗಿನ ಆವರಣ ಮಾತ್ರ. ನೀವೂ ಅಪ್ಪನೂ ಖಂಡಿತ ತಗೊಳ್ಳಿ. ಅಮ್ಮನಿಗೆ ಗೇಟಿನಲ್ಲಿ ಗಾಲಿಕುರ್ಚಿ ಕೇಳಬಹುದು, ಆದರೆ ಜಗತಿಗೆ ಮೆಟ್ಟಿಲು ಹತ್ತಲೇಬೇಕು. ಮನೆಯಲ್ಲಿ ಒಂದು ಮಹಡಿ ಹಿಡಿದುಕೊಂಡು ಹತ್ತುವವರಾದರೆ ಅವರಿಗೂ ತಗೊಳ್ಳಿ. ಅದೂ ಕಷ್ಟ ಅನ್ನೋದಾದರೆ ತೋಟದಲ್ಲೇ ಕೂತು ನೋಡಲಿ, ದೊಡ್ಡ ನಷ್ಟವೇನಿಲ್ಲ. ಒಳಗಿನ ಕೋಣೆಯಲ್ಲಿ ಜನ ತಳ್ಳಿಕೊಂಡೇ ಸುತ್ತುತ್ತಾರೆ, ಫೋಟೋ ತೆಗೆಯುವಂತಿಲ್ಲ, ಕಾಣುವ ಎರಡು ಗೋರಿಗಳೂ ತೋರಿಕೆಯವು. ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ಒಂದನ್ನು ಮಾತ್ರ ಗಮನಿಸಿ: ಮುಮ್ತಾಜ್‌ಳ ಗೋರಿ ಕೋಣೆಯ ನಟ್ಟನಡುವೆ, ಷಾಜಹಾನ್‌ನದು ಪಕ್ಕಕ್ಕೆ, ಸ್ವಲ್ಪ ದೊಡ್ಡದು. ಅಲ್ಲಿನ ಎಲ್ಲವೂ ಎಡಕ್ಕೊಂದು ಬಲಕ್ಕೊಂದು ಜೋಡಿ, ಈ ಗೋರಿಯೊಂದೇ ಆ ಲೆಕ್ಕಕ್ಕೆ ಹೊರಗು.

ಜಗತಿ ಹತ್ತಿದವರು ಸೆಲ್ಫಿ ತೆಗೆದು ಇಳಿದುಬಿಡ್ತಾರೆ, ಗೋಡೆಯ ಹತ್ತಿರ ಹೋಗಿ ನಿಲ್ಲುವವರು ಕಡಿಮೆ. ನನ್ನ ಪ್ರಕಾರ 200 ರೂಪಾಯಿ ಸಾರ್ಥಕವಾಗೋದೇ ಅಲ್ಲಿ. ನಿಮ್ಮ ಸೊಂಟದ ಎತ್ತರಕ್ಕಿರುವ ಫಲಕಗಳಲ್ಲಿ ಬಳ್ಳಿ, ಹೂವು ಉಬ್ಬಿ ನಿಂತಿರುತ್ತವೆ. ಅವು ಅದೇ ಬಿಳಿ ಕಲ್ಲಿನಲ್ಲಿ ಕೆತ್ತಿದವು. ಸುತ್ತಲಿನ ಅಂಚಿನ ಬಣ್ಣದ ಹೂಗಳ ಕೆಲಸವೇ ಬೇರೆ, ಅದು ಪಚ್ಚೀಕಾರಿ. ಮೈಸೂರಿನ ಬೀಟೆ ಮರದ ಇನ್‌ಲೇ ನೋಡಿದ್ದೀರಲ್ಲ, ಮರದಲ್ಲಿ ಗುಳಿ ತೋಡಿ ಬೇರೆ ಬಣ್ಣದ ಮರದ ಚೂರು ಕೂರಿಸೋದು, ಇಲ್ಲಿ ಅದನ್ನೇ ಕಲ್ಲಿನಲ್ಲಿ ಮಾಡಿದ್ದಾರೆ. ಒಂದೊಂದು ಎಸಳಿಗೂ ಬೇರೆ ಚೂರು. ಬೆಸುಗೆ ಎಲ್ಲಿದೆ ಅಂತ ಕಣ್ಣು ಕಿರಿದು ಮಾಡಿ ಹುಡುಕಬೇಕು. ಬೆಳಕು ಬಿದ್ದರೆ ಕೆಂಡದಂತೆ ಹೊಳೆಯೋದು ಕೆಂಪು ಅಕೀಕ, ಹೊಳೆಯದೆ ನೀಲಿಯಾಗಿಯೇ ಉಳಿಯೋದು ಲಾಜವರ್ದ. ಮುಟ್ಟಬೇಡಿ, ಬೆರಳಿನ ಎಣ್ಣೆ ಜಿಡ್ಡಿಗೆ ಈ ಕಲ್ಲು ಮಬ್ಬಾಗುತ್ತೆ. ಮಬ್ಬಾದ ಕಲ್ಲಿಗೆ ಪುರಾತತ್ವ ಇಲಾಖೆಯವರು ಮುಲ್ತಾನಿ ಮಿಟ್ಟಿ ಮೆತ್ತಿ, ಒಣಗಿದ ಮೇಲೆ ತೊಳೆಯುತ್ತಾರೆ. ಹೌದು, ಹುಡುಗಿಯರು ಮುಖಕ್ಕೆ ಹಚ್ಚೋ ಅದೇ ಮಣ್ಣು.

ಬಾಗಿಲ ಸುತ್ತಲಿನ ಕಪ್ಪು ಅಕ್ಷರಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಎಲ್ಲವೂ ಒಂದೇ ಗಾತ್ರ ಅನ್ನಿಸುತ್ತೆ. ಮೇಲೆ ಹೋದಷ್ಟೂ ಅಕ್ಷರ ದೊಡ್ಡದು ಮಾಡಿದ್ದಾರೆ, ಅದಕ್ಕೇ ಹಾಗೆ ಕಾಣೋದು. ನಾಲ್ಕು ಮಿನಾರುಗಳೂ ಒಂದು ಎಳೆಯಷ್ಟು ಹೊರಕ್ಕೆ ವಾಲಿವೆ, ಬಿದ್ದರೂ ಗೋರಿಯ ಮೇಲೆ ಬೀಳಬಾರದು ಅಂತ ಹಾಗೆ ಕಟ್ಟಿದ್ದು ಎನ್ನುತ್ತಾರೆ. ಗೈಡುಗಳು ಹೇಳುವ "ಕೆಲಸಗಾರರ ಕೈ ಕತ್ತರಿಸಿದರು" ಅನ್ನೋ ಕತೆಗೆ ಮಾತ್ರ ಆಧಾರವಿಲ್ಲ. ಷಾಜಹಾನ್ ನದಿಯಾಚೆ ತನಗೊಂದು ಕಪ್ಪು ತಾಜ್ ಕಟ್ಟಿಸಹೊರಟಿದ್ದ ಅನ್ನೋ ಕತೆಯೂ ಅಷ್ಟೇ, ನದಿಯಾಚೆ ಅಗೆದಾಗ ಸಿಕ್ಕಿದ್ದು ತೋಟ ಮತ್ತು ಕೊಳ.

ಹುಣ್ಣಿಮೆಯ ನೋಟದ ಆಸೆ ಇದ್ದರೆ ಒಂದು ವಿಷಯ ತಿಳಿದಿರಲಿ. ಹುಣ್ಣಿಮೆ, ಅದರ ಹಿಂದಿನ ಎರಡು, ಮುಂದಿನ ಎರಡು ರಾತ್ರಿ ಬಿಡುತ್ತಾರೆ, ಶುಕ್ರವಾರ ಮತ್ತು ರಂಜಾನ್ ತಿಂಗಳು ಬಿಟ್ಟು. 50 ಜನರ ತಂಡ, ಅರ್ಧ ಗಂಟೆ, ಅದೂ ದೂರದಿಂದ. ನಮ್ಮ ಅರಮನೆಯ ಭಾನುವಾರದ ದೀಪಾಲಂಕಾರ ನೋಡಿದ ಕಣ್ಣಿಗೆ ಇದು ಸಪ್ಪೆ, ಯಾಕಂದರೆ ಅಲ್ಲಿ ಒಂದು ಬಲ್ಬೂ ಇಲ್ಲ, ಇರುವುದು ಚಂದ್ರ ಒಬ್ಬನೇ. ಮೋಡ ಬಂದರೆ ಅವನೂ ಇಲ್ಲ.

ಇಳಿದ ದಿನ ಮಧ್ಯಾಹ್ನ ಆಗ್ರಾ ಕೋಟೆಗೆ ಹೋಗಿ. ಮಗ ಔರಂಗಜೇಬ್ 1658ರಿಂದ ಷಾಜಹಾನ್‌ನನ್ನು ಸಾಯೋವರೆಗೆ ಇಟ್ಟಿದ್ದು ಅಲ್ಲೇ, ಮುಸಮ್ಮನ್ ಬುರ್ಜ್‌ನಿಂದ ಯಮುನೆಯ ತಿರುವಿನಾಚೆ ತಾಜ್ ಕಾಣುತ್ತೆ. ಕೋಟೆಯಲ್ಲಿ ಏರು ಹಾದಿ ಹೆಚ್ಚು. ಅಮ್ಮನಿಗೆ ಆಗದಿದ್ದರೆ ಅದನ್ನು ಬಿಟ್ಟು ಇತಿಮದುದ್ದೌಲನ ಗೋರಿಗೆ ಕರೆದುಕೊಂಡು ಹೋಗಿ. ತಾಜ್‌ಗೂ ಮೊದಲು ನೂರ್ ಜಹಾನ್ ತನ್ನ ತಂದೆಗೆ ಕಟ್ಟಿಸಿದ್ದು, ಚಿಕ್ಕದು, ಜನ ಕಡಿಮೆ, ಪಚ್ಚೀಕಾರಿ ಕಣ್ಣಿಗೆ ಇನ್ನೂ ಹತ್ತಿರ. ಸಂಜೆ ಹೊತ್ತಿಗೆ ನದಿಯಾಚೆ ದಂಡೆಯ ಮೆಹ್ತಾಬ್ ಬಾಗ್ ತೋಟದಲ್ಲಿ ಕೂತರೆ ತಾಜ್‌ನ ಬೆನ್ನ ಕಡೆ ಪೂರ್ತಿ ಕಾಣುತ್ತೆ. ರೈಲು ತಡವಾಗಿ ಶುಕ್ರವಾರವೇ ತಲುಪಿದರೂ ಈ ಮೂರಕ್ಕೆ ಅಡ್ಡಿಯಿಲ್ಲ.

ಹೊರಡುವ ಮೊದಲು ಒಂದು ಭಾನುವಾರ ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋಗಿ ಬನ್ನಿ. ಟಿಪ್ಪು ತಂದೆ ಹೈದರಾಲಿಗೆ ಕಟ್ಟಿಸಿದ್ದು. ಉದ್ದನೆಯ ತೋಟದ ಹಾದಿ, ಕೊನೆಯಲ್ಲಿ ಗುಮ್ಮಟ, ಹೊಳಪು ಕೊಟ್ಟ ಕಪ್ಪು ಕಂಬ, ದಂತ ಕೂರಿಸಿದ ಬಾಗಿಲು. ಅದನ್ನು ನಿಧಾನವಾಗಿ ನೋಡಿ ಹೋದರೆ ಆಗ್ರಾದಲ್ಲಿ ಕಣ್ಣು ಎಲ್ಲಿಡಬೇಕು ಅಂತ ಅಪ್ಪ-ಅಮ್ಮನಿಗೆ ಬಿಡಿಸಿ ಹೇಳಬೇಕಿಲ್ಲ.

ಆಟೋದವನು "ಸರ್ಕಾರಿ ಎಂಪೋರಿಯಂ" ಅಂತ ಕರೆದುಕೊಂಡು ಹೋಗುವ ಅಂಗಡಿಯಲ್ಲಿ ಅಮೃತಶಿಲೆ ಅಂತ ಬಳಪದ ಕಲ್ಲು ಮಾರೋದುಂಟು. ತಳಭಾಗದಲ್ಲಿ ಉಗುರಿನಿಂದ ಗೀರಿ ನೋಡಿ, ಗೆರೆ ಬಿದ್ದರೆ ಅಮೃತಶಿಲೆಯಲ್ಲ. ಊರಿಗೆ ತರೋಕೆ ಪೇಠಾ ಸಾಕು, ನಮ್ಮ ಬೂದುಗುಂಬಳದ್ದೇ ಮಿಠಾಯಿ. ಒಣಗಿದ್ದನ್ನೇ ಕೇಳಿ ತಗೊಳ್ಳಿ. ಪಾಕದಲ್ಲಿರೋದು ವಾಪಸು ಬರೋ ರೈಲಿನಲ್ಲಿ ಚೀಲವೆಲ್ಲ ಅಂಟು ಮಾಡುತ್ತೆ.