ಟ್ರೇಲರ್ ಬೆಚ್ಚಗಿರಬೇಕಾದರೆ ಮೊದಲು ಒಣಗಿರಬೇಕು

ಡಿಸೆಂಬರ್ ಕೊನೆಗೆ ಹೆಂಡತಿ ಮತ್ತು ಇಬ್ಬರು ಚಿಕ್ಕ ಮಕ್ಕಳ ಜೊತೆ ಒಳಗೇ ಮಲಗುವಂಥ ಟ್ರೇಲರ್ (ಕ್ಯಾರವಾನ್) ಎಳೆದುಕೊಂಡು ಆಗುಂಬೆ, ಬಿದನೂರು ನಗರ, ಕೊಡಚಾದ್ರಿ ಕಡೆ ಬರ್ತೀರಿ. ರಾತ್ರಿ ಬೆಚ್ಚಗಿರೋಕೆ ಗ್ಯಾಸ್ ಹೀಟರ್ ಒಳ್ಳೆಯದಾ, ಕರೆಂಟಿನದಾ, ಡೀಸೆಲ್‌ನದಾ ಅಂತ ಕೇಳಿದ್ದೀರಿ. ಆದರೆ ನನ್ನ ಎದೆ ಝಲ್ ಎಂದಿದ್ದು ನಿಮ್ಮ ಕೊನೆಯ ಸಾಲು ಓದಿ: "ಗಾಳಿ ನುಗ್ಗುವ ಕಿಂಡಿಗಳನ್ನೆಲ್ಲ ಈಗಾಗಲೇ ಮುಚ್ಚಿಸಿದ್ದೇನೆ." ನಾನೂ ಮಾಡಿದ್ದು ಅದನ್ನೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾವಿರೋದು ತೀರ್ಥಹಳ್ಳಿಯಲ್ಲಿ, ಅಡಿಕೆ ತೋಟ ಇರೋದು ಹೊಸನಗರ ತಾಲೂಕಿನ ನಗರದ ಹತ್ತಿರ. ತೋಟದ ಹಳೇ ಮನೆ ಒಂದು ಮಳೆಗಾಲದಲ್ಲಿ ಕುಸಿದುಹೋಯಿತು. ಕೊಯ್ಲಿನ ಕಾಲದಲ್ಲಿ ಅಲ್ಲಿ ಇರಲೇಬೇಕು. ಅಡಿಕೆ ಗೊನೆ ಇಳಿಸಬೇಕು, ಸುಲಿಸಬೇಕು, ಬೇಯಿಸಬೇಕು, ಒಣಗಿಸಬೇಕು, ರಾತ್ರಿ ಕಾಯಬೇಕು. ಹಾಗಾಗಿ ಬೆಂಗಳೂರಿನವರೊಬ್ಬರು ಮಾರಿದ ಹಳೇ ಟ್ರೇಲರ್ ತಂದು ತೋಟದಲ್ಲಿ ನಿಲ್ಲಿಸಿದೆವು. ತಗಡಿನ ಮೈ, ಕಬ್ಬಿಣದ ಚೌಕಟ್ಟು, ಒಳಗೆ ತೆಳ್ಳನೆ ಪ್ಲೈವುಡ್. ಕೊಯ್ಲು ಮುಗಿದ ಮೇಲೆ ಜೀಪಿಗೆ ಕಟ್ಟಿಕೊಂಡು ಶೃಂಗೇರಿ, ಕಳಸ ಸುತ್ತಿದ್ದೂ ಇದೆ.

ಮೊದಲ ಚಳಿಗಾಲದಲ್ಲೇ ಥಂಡಿ ತಡೆಯಲಾಗಲಿಲ್ಲ. ನಡುರಾತ್ರಿ ಆದ ಮೇಲೆ ತಗಡಿನ ಗೋಡೆಗೆ ಕೈ ಇಟ್ಟರೆ ಐಸ್ ಮುಟ್ಟಿದ ಹಾಗಿತ್ತು. ಅಮ್ಮ ಇಡೀ ರಾತ್ರಿ ಕಂಬಳಿ ಹೊದ್ದು ಕೂತೇ ಇರುತ್ತಿದ್ದರು. ನಾನು ಯೋಚಿಸಿದ್ದು ಸರಳವಾಗಿತ್ತು: ಗಾಳಿ ಬರುತ್ತೆ, ಅದಕ್ಕೆ ಚಳಿ. ಮಾಡಿನ ವೆಂಟ್‌ಗೆ ಫೋಮ್ ತುರುಕಿ ಸಿಲಿಕಾನ್ ಬಳಿದೆ. ನೆಲದ ಹತ್ತಿರ ಇದ್ದ ಜಾಲರಿಗಳಿಗೆ ತಗಡು ಹೊಡೆಸಿದೆ. ಗೋಡೆಯ ಪ್ಲೈವುಡ್ ಬಿಚ್ಚಿ, ತಗಡಿಗೂ ಪ್ಲೈಗೂ ನಡುವೆ ಗ್ಲಾಸ್ ವೂಲ್ (ಗಾಜಿನ ನಾರಿನ ಉಣ್ಣೆ) ತುಂಬಿಸಿದೆ. ಕೆಂಪಗೆ ಕಾಯುವ ಪ್ಲೇಟುಗಳ ಗ್ಯಾಸ್ ಹೀಟರ್ ತಂದು ಒಳಗೆ ಇಟ್ಟೆ. ಮಲಗುವಾಗ ಒಳ್ಳೆ ಬೆಚ್ಚಗಾಯಿತು. ಎಲ್ಲರೂ ಖುಷಿಪಟ್ಟರು.

ಬೆಳಗ್ಗೆ ಎದ್ದರೆ ಮಾಡಿನ ಒಳಗೆಲ್ಲ ಹನಿ. ಕಂಬಳಿಯ ಮೇಲ್ಪದರ ಒದ್ದೆ. ಹಾಸಿಗೆ ಎತ್ತಿ ನೋಡಿದರೆ ಅಡಿಯೂ ಒದ್ದೆ. "ಮಾಡು ಸೋರ್ತಾ ಇದೆ ಕಣೋ" ಅಂದರು ಅಮ್ಮ. ನಾನೂ ನಂಬಿದೆ. ಮೇಲೆ ಹತ್ತಿ ಮಾಡಿನ ಪ್ರತಿ ಸಂದಿಗೂ ಇನ್ನಷ್ಟು ಸಿಲಿಕಾನ್ ಹಾಕಿದೆ. ಮಳೆಯೇ ಇಲ್ಲದ ಜನವರಿಯಲ್ಲಿ ಮಾಡು ಸೋರೋದು ಹೇಗೆ ಅಂತ ಒಂದು ನಿಮಿಷ ನಿಂತು ಯೋಚಿಸಲಿಲ್ಲ. ಇಬ್ಬನಿ ಜಾಸ್ತಿ ಅಲ್ವಾ, ಅದೇ ಇಳಿಯುತ್ತಿರಬೇಕು ಅಂದುಕೊಂಡೆ. ನಾನು ಸಂದಿ ಮುಚ್ಚಿದಷ್ಟೂ ಒಳಗೆ ಹನಿ ಹೆಚ್ಚಾಯಿತು. ಹನಿ ಹೆಚ್ಚಾದಷ್ಟೂ ನಾನು ಸಂದಿ ಮುಚ್ಚಿದೆ.

ಆ ನೀರು ಹೊರಗಿಂದ ಬಂದದ್ದೇ ಅಲ್ಲ. ಇದನ್ನು ದಯವಿಟ್ಟು ಸರಿಯಾಗಿ ಓದಿ. ಮಲಗಿದ ಮನುಷ್ಯ ಉಸಿರು, ಬೆವರಿನಲ್ಲೇ ರಾತ್ರಿಗೆ ಒಂದು ದೊಡ್ಡ ಲೋಟದಷ್ಟು ನೀರು ಬಿಡುತ್ತಾನೆ. ನಾಲ್ಕು ಜನ ಅಂದರೆ ಹತ್ತಿರ ಹತ್ತಿರ ಒಂದು ಲೀಟರ್. ಅದರ ಮೇಲೆ ಗ್ಯಾಸ್ ಹೀಟರ್. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಉರಿಯುವಾಗ ಗ್ಯಾಸಿನಲ್ಲಿರುವ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತದೆ, ಅಷ್ಟೇ. 2 ಕಿಲೋವ್ಯಾಟ್‌ನ ಹೀಟರ್ ಗಂಟೆಗೆ 150 ಗ್ರಾಂನಷ್ಟು ಗ್ಯಾಸ್ ತಿನ್ನುತ್ತದೆ. ಅಂದರೆ ಗಂಟೆಗೆ ಕಾಲು ಲೀಟರ್ ನೀರನ್ನು ನಾನೇ ದುಡ್ಡು ಕೊಟ್ಟು ಒಳಗೆ ಬಿಡುತ್ತಿದ್ದೆ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ 17 ಗ್ರಾಂನಷ್ಟು ನೀರಾವಿ ಹಿಡಿದುಕೊಳ್ಳುತ್ತದೆ. 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ ಮಾತ್ರ. ಉಳಿದದ್ದು ಎಲ್ಲಿಗೆ ಹೋಗಬೇಕು? ತಣ್ಣಗಿನ ತಗಡು ಎಲ್ಲಿದೆಯೋ ಅಲ್ಲಿ ಹನಿಯಾಗಿ ಕೂರುತ್ತದೆ. ಹೋಗೋಕೆ ಇದ್ದ ದಾರಿಯನ್ನು ನಾನೇ ಮುಚ್ಚಿದ್ದೆ.

ಕಣ್ಣಿಗೆ ಕಾಣುವ ಹನಿಯಾದರೂ ಒರೆಸಬಹುದು. ನನಗೆ ಹೊಡೆತ ಕೊಟ್ಟಿದ್ದು ಕಾಣದ ಹನಿ. ಬೆಚ್ಚಗಿನ ಒದ್ದೆ ಗಾಳಿ ಪ್ಲೈವುಡ್ಡಿನ ಸಂದಿಯಲ್ಲಿ, ಸ್ಕ್ರೂ ತೂತುಗಳಲ್ಲಿ ನುಸುಳಿ ಗ್ಲಾಸ್ ವೂಲ್ ಒಳಗೆ ಹೋಯಿತು. ಅದನ್ನು ದಾಟಿ ಹೊರಗಿನ ತಗಡು ಮುಟ್ಟಿತು, ಅಲ್ಲಿ ನೀರಾಯಿತು. ಆ ನೀರನ್ನು ಗ್ಲಾಸ್ ವೂಲ್ ಹೀರಿಕೊಂಡು ಇಟ್ಟುಕೊಂಡಿತು. ಬಿಸಿಲಿಲ್ಲ, ಗಾಳಿ ಇಲ್ಲ, ಒಣಗೋ ಮಾತೇ ಇಲ್ಲ. ಎರಡನೇ ಚಳಿಗಾಲ ಕಳೆಯುವಷ್ಟರಲ್ಲಿ ಒಳಗೆ ಮುಗ್ಗಲು ವಾಸನೆ ಶುರುವಾಯಿತು. ಮಗಳಿಗೆ ಬಿಡದ ಕೆಮ್ಮು. ಮಳೆ ಹಿಡಿಯುವ ಮೊದಲು ಶಿವಮೊಗ್ಗಕ್ಕೆ ಎಳೆದುಕೊಂಡು ಹೋಗಿ, ಬಾಡಿ ಕೆಲಸ ಮಾಡುವ ಒಬ್ಬರ ಹತ್ತಿರ ಗೋಡೆ ಬಿಚ್ಚಿಸಿದೆ.

ಮೊದಲ ಸ್ಕ್ರೂವಿನ ತಲೆ ತಿರುಗಿಸುವಾಗಲೇ ಕಳಚಿ ಬಂತು. ಪ್ಲೈವುಡ್ಡನ್ನು ಉಗುರಿನಲ್ಲಿ ಕೆರೆದರೆ ಪದರ ಪದರವಾಗಿ ಏಳುತ್ತಿತ್ತು, ಒಳಮೈಗೆ ಹಸಿರು ಕಪ್ಪು ಬೂಷ್ಟು. ಹಳದಿ ಇದ್ದ ಗ್ಲಾಸ್ ವೂಲ್ ಕಪ್ಪಾಗಿ, ಭಾರವಾಗಿ ಕೆಳಕ್ಕೆ ಜಾರಿ ಮುದ್ದೆಯಾಗಿ ಕೂತಿತ್ತು. ಮೇಲರ್ಧ ಗೋಡೆಯಲ್ಲಿ ಉಣ್ಣೆಯೇ ಇರಲಿಲ್ಲ. ಹಿಂಡಿದರೆ ನೀರು. ಅಡಿಯ ಕಬ್ಬಿಣದ ಪಟ್ಟಿಗೆ ಅವರು ಸ್ಕ್ರೂಡ್ರೈವರ್ ಚುಚ್ಚಿದರು, ಆ ಕಡೆ ಹೊರಬಂತು. "ಇದು ಮಳೆ ನೀರಲ್ಲ ಸಾರ್. ಹೊರಗಿನ ಪೇಂಟ್ ನೋಡಿ, ಒಂದು ಗುಳ್ಳೆ ಇಲ್ಲ. ತುಕ್ಕು ಒಳಗಿಂದ ತಿಂದಿದೆ" ಅಂದರು. ನೆಲ ಪೂರ್ತಿ ಕಿತ್ತು, ಚೌಕಟ್ಟಿಗೆ ಹೊಸ ಅಡ್ಡಪಟ್ಟಿ ವೆಲ್ಡ್ ಮಾಡಿಸಿ, ಗೋಡೆ ಮತ್ತೆ ಕಟ್ಟಿಸಬೇಕಾಯಿತು. ಆ ವರ್ಷದ ಅಡಿಕೆ ದುಡ್ಡಿನಲ್ಲಿ ಒಂದು ದೊಡ್ಡ ಪಾಲು ಅಲ್ಲೇ ಹೋಯಿತು.

ದುಡ್ಡು ಹೋದದ್ದು ಹೋಯಿತು. ಈಗಲೂ ನೆನೆಸಿಕೊಂಡರೆ ಕೈಕಾಲು ತಣ್ಣಗಾಗುವುದು ಬೇರೆ ವಿಷಯಕ್ಕೆ. ಆ ದಿನಗಳಲ್ಲಿ ಬೆಳಗ್ಗೆ ಎದ್ದಾಗ ನಮಗೆಲ್ಲ ತಲೆ ಭಾರ ಇರುತ್ತಿತ್ತು. ನಿದ್ದೆ ಸಾಲದು, ಶೀತ ಆಗಿದೆ ಅಂದುಕೊಂಡಿದ್ದೆವು. ಮುಚ್ಚಿದ ಪೆಟ್ಟಿಗೆಯೊಳಗೆ ಗ್ಯಾಸ್ ಉರಿಯುತ್ತಾ ಹೋದರೆ ಆಕ್ಸಿಜನ್ ಕಮ್ಮಿಯಾಗುತ್ತದೆ. ಆಗ ಉರಿ ಅರೆಬರೆಯಾಗಿ ಕಾರ್ಬನ್ ಮೋನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಅಂಟಿಕೊಳ್ಳುವ ಶಕ್ತಿ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ನಾವು ಎದ್ದೆವು, ಅದು ನಮ್ಮ ಪುಣ್ಯ. ನಿಮ್ಮ ಚಿಕ್ಕ ಮಕ್ಕಳಿಗೆ ತಲೆ ನೋಯ್ತಿದೆ ಅಂತ ಹೇಳೋಕೂ ಬರದೇ ಇರಬಹುದು. ಬಾಂಡ್ಲಿಯಲ್ಲಿ ಕೆಂಡ ತುಂಬಿ ಒಳಗಿಡುವುದಂತೂ ಇನ್ನೂ ಕೆಟ್ಟದ್ದು. ಹೊಗೆ ಆಡುವುದು ನಿಂತಿದೆ, ಇನ್ನೇನೂ ಇಲ್ಲ ಅಂತ ನಮ್ಮ ಕಡೆಯವರೂ ತಿಳಿದುಕೊಳ್ಳುತ್ತಾರೆ. ಕೆಂಡ ಈ ವಿಷವನ್ನು ಜಾಸ್ತಿ ಬಿಡುವುದೇ ಹೊಗೆ ನಿಂತ ಮೇಲೆ, ಮೆಲ್ಲಗೆ ಕಾಯುತ್ತಿರುವಾಗ. ಅಗ್ಗಿಷ್ಟಿಕೆ ಹೊರಗೆ, ಅಂಗಳದಲ್ಲಿ. ಇದರಲ್ಲಿ ರಾಜಿ ಬೇಡ.

ಆದ್ದರಿಂದ ನಿಮ್ಮ "ಯಾವ ಹೀಟರ್" ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ನೋಡಿರುವ ವಿಡಿಯೋಗಳು ಕೆನಡಾದ್ದೋ ಜರ್ಮನಿಯದ್ದೋ ಇರಬೇಕು. ಅಲ್ಲಿ ಹೊರಗೆ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ. ನೀರಿನ ಪೈಪ್ ಹೆಪ್ಪುಗಟ್ಟಿ ಒಡೆಯುತ್ತದೆ, ಟ್ಯಾಂಕಿಗೂ ಹೀಟರ್ ಬೇಕು, ಟ್ರೇಲರ್ ಅಡಿಗೆ ಸುತ್ತ ಮುಸುಕು ಕಟ್ಟಬೇಕು. ನಮ್ಮ ಮಲೆನಾಡಿನ ಕೆಟ್ಟ ಚಳಿಯ ರಾತ್ರಿ ಅಂದರೆ 10, 12 ಡಿಗ್ರಿ. ಇಲ್ಲಿ ಕೊಲ್ಲುವುದು ತೇವ. ಸೂರ್ಯ ಹುಟ್ಟಿ ಎಷ್ಟೋ ಹೊತ್ತಾದರೂ ಮಂಜು ಎದ್ದಿರುವುದಿಲ್ಲ, ಹಗ್ಗಕ್ಕೆ ಹಾಕಿದ ಬಟ್ಟೆ ಒಣಗಿರುವುದಿಲ್ಲ. ಒದ್ದೆ ಹಾಸಿಗೆಯಲ್ಲಿ 15 ಡಿಗ್ರಿಯೂ ನಡುಕ ಹುಟ್ಟಿಸುತ್ತದೆ, ಒಣ ಕಂಬಳಿಯಲ್ಲಿ 10 ಡಿಗ್ರಿಯಲ್ಲೂ ನಿದ್ದೆ ಬರುತ್ತದೆ.

ಬಿದ್ದುಹೋದ ನಮ್ಮ ಮನೆಯನ್ನೇ ನೋಡಿ. ದಪ್ಪ ಮಣ್ಣಿನ ಗೋಡೆ, ಹಂಚಿನ ಮಾಡು. ಹಂಚಿನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಅಷ್ಟು ಕಿಂಡಿಯಿದ್ದ ಮನೆಯಲ್ಲಿ ಅಜ್ಜಿ ಎಂಬತ್ತು ದಾಟಿ ಬದುಕಿದರು. ಅಡುಗೆ ಒಲೆಯ ಹೊಗೆ, ಅನ್ನದ ಆವಿ ಎಲ್ಲ ಮೇಲಿಂದ ಹೋಗುತ್ತಿತ್ತು. ಮನೆಯನ್ನು ಯಾರೂ ಕಾಯಿಸುತ್ತಿರಲಿಲ್ಲ. ಬಚ್ಚಲ ಒಲೆ ಮುಂದೆ ಕೂತು ಮೈ ಕಾಯಿಸಿಕೊಳ್ಳುತ್ತಿದ್ದರು, ಹಂಡೆಯ ಬಿಸಿನೀರು ಹೊಯ್ದುಕೊಳ್ಳುತ್ತಿದ್ದರು, ತಲೆಗೆ ಬಟ್ಟೆ ಕಟ್ಟಿ ಕಂಬಳಿಯೊಳಗೆ ಸೇರುತ್ತಿದ್ದರು. ಟ್ರೇಲರಿನಲ್ಲೂ ಕಾಯಿಸಬೇಕಾದ್ದು ಮೈಯನ್ನು.

ಹೀಟರ್ ಬಗ್ಗೆ ಕೇಳಿದ್ದೀರಿ, ಹೇಳಿಬಿಡುತ್ತೇನೆ. ಒಳಗೇ ಉರಿಯುವ ಗ್ಯಾಸ್ ಹೀಟರ್ ಬೇಡವೇ ಬೇಡ. ಕರೆಂಟ್ ಹೀಟರನ್ನು ಬ್ಯಾಟರಿಯಿಂದ ನಡೆಸುವ ಆಸೆ ಬಿಡಿ. 2000 ವ್ಯಾಟಿನದು 12 ವೋಲ್ಟ್ ಬ್ಯಾಟರಿಯಿಂದ 170 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ, 100 ಆಂಪಿಯರ್ ಅವರ್ ಬ್ಯಾಟರಿ ಅರ್ಧ ಗಂಟೆ ಬಂದರೆ ಹೆಚ್ಚು. ಹೋಂಸ್ಟೇಯವರು ಪ್ಲಗ್ ಕೊಟ್ಟರೆ ಎಣ್ಣೆ ತುಂಬಿದ ರೇಡಿಯೇಟರ್ ಮಾದರಿಯದನ್ನು ಮಲಗುವ ಮುಂಚೆ ಒಂದು ಗಂಟೆ ಹಾಕಿ. ದಪ್ಪ ತಂತಿಯ ಎಕ್ಸ್‌ಟೆನ್ಷನ್ ಬಳಸಿ, ಸುತ್ತಿಟ್ಟ ಹಾಗೇ ಬಿಡಬೇಡಿ, ಬಿಸಿಯಾಗುತ್ತದೆ. ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದಲ್ಲ, ಅದನ್ನೊಂದೇ ನಂಬಬೇಡಿ. ಡೀಸೆಲ್ ಹೀಟರ್ ನಿಜಕ್ಕೂ ಒಳ್ಳೆಯ ಯಂತ್ರ. ಉರಿಯಲು ಗಾಳಿ ಹೊರಗಿಂದ ತಗೊಂಡು ಹೊಗೆಯನ್ನು ಹೊರಗೇ ಬಿಡುತ್ತದೆ, ಒಳಗೆ ಬರುವುದು ಒಣ ಬಿಸಿಗಾಳಿ ಮಾತ್ರ. ಮುಂದೆ ಸ್ಪಿತಿಗೋ ಲಡಾಖ್‌ಗೋ ಹೋಗುವುದಿದ್ದರೆ ಹಾಕಿಸಿ. ಹೊಗೆಯ ಪೈಪ್ ಕಿಟಕಿ, ಬಾಗಿಲಿನಿಂದ ದೂರ ಬಾಯಿ ತೆರೆಯಬೇಕು. ಬರೀ ಮಲೆನಾಡಿಗೆ ಅಷ್ಟು ದುಡ್ಡು ಸುರಿಯಬೇಡಿ ಮಾರಾಯ್ರೆ.

ಆ ದುಡ್ಡನ್ನು ಗೋಡೆಗೆ ಹಾಕಿ. ಈ ಸಲ ನಾನು ತಗಡಿಗೆ ನೇರವಾಗಿ ನೈಟ್ರೈಲ್ ರಬ್ಬರ್ ಫೋಮ್ ಶೀಟ್ ಅಂಟಿಸಿದೆ, 25 ಮಿಲಿಮೀಟರ್ ದಪ್ಪದ್ದು. ಏಸಿ ಕೆಲಸದವರು ಡಕ್ಟಿಗೆ ಸುತ್ತುವ ಕಪ್ಪು ಶೀಟ್ ಅದು. ಅದರ ಗುಳ್ಳೆಗಳೆಲ್ಲ ಮುಚ್ಚಿರುವುದರಿಂದ ನೀರು ಹೀರುವುದಿಲ್ಲ. ತಗಡಿಗೂ ಶೀಟಿಗೂ ನಡುವೆ ಗಾಳಿ ಉಳಿಯದ ಹಾಗೆ ಒತ್ತಿ ಅಂಟಿಸಬೇಕು. ಕಬ್ಬಿಣದ ಪಟ್ಟಿಗಳ ಮೇಲೂ ಅಂಟಿಸಬೇಕು, ಅದನ್ನು ಬಹಳ ಜನ ಬಿಡುತ್ತಾರೆ. ಪಟ್ಟಿಯ ಮೂಲಕ ಚಳಿ ಸೀದಾ ಒಳಗೆ ಬಂದು ಅಲ್ಲೇ ಹನಿಗಟ್ಟುತ್ತದೆ. ನೆಲಕ್ಕೆ ಗಟ್ಟಿ ಎಕ್ಸ್‌ಪಿಎಸ್ ಬೋರ್ಡ್ (ಥರ್ಮೋಕೋಲ್ ಜಾತಿಯ, ಅದಕ್ಕಿಂತ ಗಟ್ಟಿಯಾದ ಹಲಗೆ) ಹಾಕಿ ಅದರ ಮೇಲೆ ಪ್ಲೈ. ಕಿಟಕಿ ಗಾಜಿಗೆ ಅದೇ ಬೋರ್ಡನ್ನು ಅಳತೆಗೆ ಕತ್ತರಿಸಿ ಬಟ್ಟೆ ಸುತ್ತಿ ರಾತ್ರಿ ಒತ್ತಿಡುತ್ತೇವೆ. ಇದಕ್ಕೆ ಖರ್ಚು ತೀರಾ ಕಮ್ಮಿ, ಗುಣ ಮೊದಲ ರಾತ್ರಿಯೇ ಗೊತ್ತಾಗುತ್ತದೆ.

ಮಾಡಿನ ವೆಂಟ್ ಎರಡು ಬೆರಳಷ್ಟು ಸದಾ ತೆರೆದಿರುತ್ತದೆ, ಕೆಳಗಿನ ಜಾಲರಿಯೂ ಅಷ್ಟೇ. ಗ್ಯಾಸ್ ಸಿಲಿಂಡರ್ ಒಳಗಿದ್ದರೆ ಕೆಳಗಿನ ಜಾಲರಿ ಜೀವ ಉಳಿಸುವ ಕಿಂಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಮೇಲಿನ ವೆಂಟಿಗೆ ಕಂಪ್ಯೂಟರ್ ಒಳಗಿರುವಂಥ 12 ವೋಲ್ಟಿನ ಪುಟ್ಟ ಫ್ಯಾನ್ ಹಾಕಿದ್ದೇನೆ. ರಾತ್ರಿಯಿಡೀ ತಿರುಗಿದರೂ ಬ್ಯಾಟರಿಗೆ ಭಾರವೇ ಅಲ್ಲ. ಅಡುಗೆ, ನೀರು ಕಾಯಿಸುವುದು ಹೊರಗೆ ಚಪ್ಪರದಡಿ. ಒದ್ದೆ ಬಟ್ಟೆ, ಒದ್ದೆ ಚಪ್ಪಲಿ ಒಳಗೆ ಬರುವ ಹಾಗಿಲ್ಲ. ಹಾಸಿಗೆ ಹಲಗೆಗೆ ತಾಗಿರಬಾರದು, ಅಡಿಯಲ್ಲಿ ಪಟ್ಟಿ ಕೊಟ್ಟು ಗಾಳಿ ಆಡಲು ಬಿಡಿ. ಮಂಜು ಹರಿದು ಬಿಸಿಲು ಬಂದ ಕೂಡಲೇ ಬಾಗಿಲು, ಕಿಟಕಿ ಎಲ್ಲ ತೆಗೆದು ಹಾಸಿಗೆ ಹೊರಗೆ ಹಾಕಿ. ಮಲಗುವ ಮುಂಚೆ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಕಾಲ ಬುಡಕ್ಕೆ ಇಡಿ. ಮಕ್ಕಳ ಹಾಸಿಗೆಯಲ್ಲಾದರೆ ಹಾಸಿಗೆ ಬಿಸಿಯಾದ ಮೇಲೆ ಚೀಲ ತೆಗೆದು ಆಮೇಲೆ ಮಲಗಿಸಿ. ಅಮ್ಮ ಈಗ ಕಾಲು ಚಾಚಿ ಮಲಗುತ್ತಾರೆ.

ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೂ ದೊಡ್ಡ ವಿಷಯ. ರಾತ್ರಿ ತಣ್ಣಗಿನ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಗೆ ಹರಿದು ಬಂದು ಕಣಿವೆಯಲ್ಲಿ ನಿಲ್ಲುತ್ತದೆ. ನಮ್ಮ ತೋಟ, ಗದ್ದೆಗಳಿರುವುದೇ ಅಂಥ ಜಾಗದಲ್ಲಿ. ಹೊಳೆ ದಂಡೆ ನೋಡಲು ಚಂದ, ಮಲಗಲು ಬೇಡ. ನಾವು ಟ್ರೇಲರನ್ನು ತೋಟದ ತಗ್ಗಿನಿಂದ ಮೇಲಿನ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಎಳೆದ ಮೇಲೆ ಚಳಿ ಎಷ್ಟೋ ಕಮ್ಮಿಯಾಯಿತು. ಬಾಗಿಲು ಪೂರ್ವಕ್ಕೆ ಇರಲಿ, ಮೊದಲ ಬಿಸಿಲು ಒಳಗೆ ಬೀಳುತ್ತದೆ. ಮರದ ಕೆಳಗಾದರೆ ಮಾಡಿನ ಮೇಲೆ ಇಬ್ಬನಿ ಕಮ್ಮಿ. ಒಣ ಕೊಂಬೆ ಇದೆಯಾ ಅಂತ ಮಾತ್ರ ತಲೆಯೆತ್ತಿ ನೋಡಿಕೊಳ್ಳಿ.

ಹೊರಡುವ ಮೊದಲು ಎರಡು ಅಲಾರಂ ತಗೊಳ್ಳಿ. ಕಾರ್ಬನ್ ಮೋನಾಕ್ಸೈಡ್‌ನದು ಮಲಗುವ ಜಾಗದ ಹತ್ತಿರ, ತಲೆಯ ಎತ್ತರದಲ್ಲಿ. ಎಲ್‌ಪಿಜಿಯದು ನೆಲದಿಂದ ಒಂದು ಗೇಣಿನೊಳಗೆ. ಹಾಕಿಸಿದ ಮೇಲೆ ಬಟನ್ ಒತ್ತಿ ಕೂಗುತ್ತದಾ ನೋಡಿ, ಮಕ್ಕಳಿಗೂ ಆ ಶಬ್ದ ಕೇಳಿಸಿ. ನಿಮ್ಮ ಟ್ರೇಲರ್ ಗೋಡೆ ಬರೀ ತಗಡಾ ಅಥವಾ ಫೈಬರಾ, ಒಳಗೆ ಈಗ ಏನು ತುಂಬಿಸಿದ್ದಾರೆ ಅಂತ ಬರೆಯಿರಿ. ಗ್ಲಾಸ್ ವೂಲ್ ಆಗಿದ್ದರೆ ಬರುವ ಮುಂಚೆಯೇ ಕೆಳಗಿನ ಒಂದು ಪ್ಯಾನೆಲ್ ಬಿಚ್ಚಿ ಕೈ ಹಾಕಿ ನೋಡಿ.