ಪ್ರೋಗ್ರಾಮಿಂಗ್ ಭಾಷೆಯ ತಿರುಳು ಚಿಕ್ಕದಾಗಿಯೇ ಇರಬೇಕಾ, ಬೆಳೆಯುತ್ತಾ ಹೋಗಬೇಕಾ?

ಚಿಕ್ಕದಾಗಿಯೇ ಇರಲಿ, ಆದರೆ ಹಟಕ್ಕೆ ಬಿದ್ದಲ್ಲ. ಗೋ (Go) ಭಾಷೆಯನ್ನೇ ನೋಡಿ. ಕೀವರ್ಡ್‌ಗಳು, ಅಂದರೆ ಭಾಷೆ ತನಗೇ ಅಂತ ಮೀಸಲಿಟ್ಟುಕೊಂಡ ಪದಗಳು, ಬರೀ 25. ಇಲ್ಲಿ ಬೆಳಗಾವಿಯಲ್ಲಿ ನನ್ನ ಹತ್ತಿರ ಕಲಿಯಲು ಬರುವ ಡಿಪ್ಲೊಮಾ ಹುಡುಗರು ಬೇಗ ಹಿಡಿದುಬಿಡುತ್ತಾರೆ. ಆದರೆ ಎರಡು ಪೂರ್ಣಾಂಕಗಳಲ್ಲಿ ಚಿಕ್ಕದು ಯಾವುದು ಅಂತ ಹೇಳುವ ರೆಡಿ ಫಂಕ್ಷನ್ನೇ ಅದರಲ್ಲಿ ಬಹಳ ವರ್ಷ ಇರಲಿಲ್ಲ! ಮ್ಯಾಥ್ ಪ್ಯಾಕೇಜಿನ ಮಿನ್ ಇದ್ದದ್ದು ಫ್ಲೋಟ್‌ಗೆ, ಅಂದರೆ ದಶಮಾಂಶ ಸಂಖ್ಯೆಗಳಿಗೆ ಮಾತ್ರ. ಹಾಗಾಗಿ ಎಲ್ಲರೂ ಅದನ್ನು ತಾವೇ ಬರೆದುಕೊಳ್ಳಬೇಕಿತ್ತು, ಎಲ್ಲಿ ನೋಡಿದರೂ ಸುಮ್ನೆ ಅದೇ ಇಫ್, ಅದೇ ರಿಟರ್ನ್.

2022ರಲ್ಲಿ 1.18 ಆವೃತ್ತಿಗೆ ಜೆನೆರಿಕ್ಸ್ (ಒಂದೇ ಫಂಕ್ಷನ್ ಬೇರೆ ಬೇರೆ ಬಗೆಯ ಡೇಟಾಗೆ ಕೆಲಸ ಮಾಡುವ ಸೌಲಭ್ಯ) ಬಂತು, ಅದೂ ಹೊಸ ಕೀವರ್ಡ್ ಒಂದೂ ಸೇರಿಸದೆ. ಮರುವರ್ಷ 1.21ರಲ್ಲಿ ಮಿನ್, ಮ್ಯಾಕ್ಸ್ ಭಾಷೆಯೊಳಗೇ ಬಂದವು. ಎಲ್ಲರೂ ಮತ್ತೆ ಮತ್ತೆ ಬರೆಯುವಂಥದ್ದು ಹೀಗೆ ಒಳಗೆ ಬರಲಿ, ಉಳಿದದ್ದಕ್ಕೆ ಲೈಬ್ರರಿ (ಬೇಕಾದಾಗ ಸೇರಿಸಿಕೊಳ್ಳುವ ರೆಡಿ ಕೋಡ್) ಇದೆಯಲ್ವಾ? ಭಾಷೆಯೊಳಗೆ ಒಮ್ಮೆ ಬಂದದ್ದನ್ನು ತೆಗೆಯುವುದು ಇನ್ನೂ ಕಷ್ಟ; ಲೈಬ್ರರಿಯಿಂದ ತೆಗೆಯುವುದೇ ಎಷ್ಟು ನಿಧಾನ ಅಂದರೆ, ಪೈಥಾನ್ ಭಾಷೆ ತನ್ನ ಲೈಬ್ರರಿಯಲ್ಲಿದ್ದ, ವೆಬ್ ಪುಟಗಳಿಗೆ ಬಳಸುತ್ತಿದ್ದ ಹಳೇ ಸಿಜಿಐ ಮಾಡ್ಯೂಲನ್ನು ಕೈಬಿಟ್ಟಿದ್ದು 2024ರಲ್ಲಿ.