ಏಟು ಎಲ್ಲಿಂದ ಬಂತು, ಬರೆ ಯಾರಿಗೆ ಬಿತ್ತು?

ಈ ಸಲ ಮೂರು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಉದ್ಯಮ ನಡೆಸುವವರ ಗುಣ ಬೆಳೆದ ಮನೆಯಿಂದ ಬರುತ್ತದೋ, ತಿಂದ ಪೆಟ್ಟಿನಿಂದ ಬರುತ್ತದೋ ಎನ್ನುವುದು ಮೂರರಲ್ಲೂ ಇರುವ ಪ್ರಶ್ನೆ. ಬರೆದವರ ಕೋರಿಕೆಯಂತೆ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಮಷೀನ್ ಶಾಪ್ ಇದೆ. ಫೌಂಡ್ರಿಗಳಿಂದ ಬರುವ ಕಾಸ್ಟಿಂಗ್‌ಗಳಿಗೆ ಜಾಬ್ ವರ್ಕ್ ಮಾಡಿಕೊಡುತ್ತೇವೆ. 22 ಜನ ಕೆಲಸಗಾರರಿದ್ದಾರೆ. ನಮ್ಮ ಅಪ್ಪ ದರ್ಜಿ. ಸಾಲ ಅಂದರೆ ಅವರಿಗೆ ಆಗುತ್ತಿರಲಿಲ್ಲ, ಆದರೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದ್ದನ್ನು ನಾನು ನೋಡಿಲ್ಲ. ನಾನೂ ಹಾಗೇ ಇದ್ದೆ. ನಾಲ್ಕು ವರ್ಷದ ಹಿಂದೆ ದೊಡ್ಡ ಗಿರಾಕಿಯೊಬ್ಬರು 14 ಲಕ್ಷದ ಬಿಲ್ಲು ಮುಳುಗಿಸಿದರು. ಅಂದಿನಿಂದ ಯಾರಿಗೂ ಅಡ್ವಾನ್ಸ್ ಕೊಡುತ್ತಿಲ್ಲ. ಹತ್ತು ನಿಮಿಷ ತಡವಾಗಿ ಬಂದರೂ ಅರ್ಧ ದಿನದ ಪಗಾರ ಕಟ್. ಮೊನ್ನೆ, ಹದಿನೈದು ವರ್ಷದಿಂದ ಜೊತೆಗಿರುವ ಟರ್ನರ್ ಒಬ್ಬ ಹೆಂಡತಿಯ ಆಪರೇಷನ್ನಿಗೆ ಅಂತ ಐದು ಸಾವಿರ ಕೇಳಿದ. ಇಲ್ಲ ಅಂದೆ. ಸಂಜೆ ಗೇಟಿನ ಎದುರಿನ ಚಹಾ ಅಂಗಡಿಯವನ ಹತ್ತಿರ ಅವನು ಅದೇ ದುಡ್ಡು ಕೇಳುತ್ತಿದ್ದುದನ್ನು ನೋಡಿದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಒಂದು ಪೆಟ್ಟಿಗೆ ಮನುಷ್ಯ ಇಷ್ಟು ಬದಲಾಗುವುದಾದರೆ ಅಪ್ಪ ಕಲಿಸಿದ್ದೆಲ್ಲ ಎಲ್ಲಿ ಹೋಯಿತು?

ಉತ್ತರ: ನಿದ್ದೆ ಬರಲಿಲ್ಲ ಎಂದು ಬರೆದಿದ್ದೀರಿ. ಅಪ್ಪ ಕಲಿಸಿದ್ದು ಎಲ್ಲೂ ಹೋಗಿಲ್ಲ ಎನ್ನುವುದಕ್ಕೆ ಅದೇ ಗುರುತು. ಆದರೆ ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ನನಗೆ ಕಂಡ ಸಂಗತಿ ಬೇರೆಯದು. ಬಿಲ್ಲು ಮುಳುಗಿಸಿದವರು ಗಿರಾಕಿ. ಆಮೇಲೆ ನೀವು ಮಾಡಿದ ನಿಯಮಗಳೆಲ್ಲ ಕೆಲಸಗಾರರ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಗಿರಾಕಿಗಳಿಗೆ ಉದ್ರಿ ಎಷ್ಟು, ಎಷ್ಟು ದಿನ ಎಂಬ ಬಗ್ಗೆ ಈ ನಾಲ್ಕು ವರ್ಷದಲ್ಲಿ ಏನಾದರೂ ಬದಲಾಯಿಸಿದ್ದೀರಾ? ಪತ್ರದಲ್ಲಿ ಆ ಬಗ್ಗೆ ಒಂದು ಮಾತೂ ಇಲ್ಲ.

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವವರು ಜಪಾನಿನ ಕಜುವೊ ಇನಮೊರಿ. ಸೆರಾಮಿಕ್ ಬಿಡಿಭಾಗ ತಯಾರಿಸುವ ಕ್ಯೋಸೆರಾ ಕಂಪನಿ ಕಟ್ಟಿದವರು. 1932ರಲ್ಲಿ ಕಾಗೋಶಿಮಾದಲ್ಲಿ ಹುಟ್ಟಿದರು. ಅಪ್ಪನದು ಪ್ರಿಂಟಿಂಗ್ ಪ್ರೆಸ್. ಅವರೂ ನಿಮ್ಮ ತಂದೆಯಂತೆಯೇ ಸಾಲಕ್ಕೆ ಹೆದರುವ ಮನುಷ್ಯ. 1945ರ ಬಾಂಬ್ ದಾಳಿಯಲ್ಲಿ ಮನೆ, ಪ್ರೆಸ್ ಎಲ್ಲ ಸುಟ್ಟುಹೋದಾಗ, ಸಾಲ ತಂದಾದರೂ ಮತ್ತೆ ಶುರು ಮಾಡಿ ಎಂದು ಹೆಂಡತಿ ಹೇಳಿದರೂ ಅವರು ಒಪ್ಪಲಿಲ್ಲ. ಮನೆಯಲ್ಲಿ ಕಾಗದದ ಚೀಲ ಮಾಡಿದರು, ಹುಡುಗ ಸೈಕಲ್ ಮೇಲೆ ಅವನ್ನು ಹೇರಿಕೊಂಡು ಮಾರಿದ. ಮುಂದೆ ಇನಮೊರಿ ತಮ್ಮ ಕಂಪನಿಯನ್ನು ಸಾಲದ ಆಸರೆಯಿಲ್ಲದೆ ನಡೆಸಬೇಕೆಂದು ಹಟ ಹಿಡಿದದ್ದಕ್ಕೆ ಬೇರು ಅಲ್ಲಿದೆ.

ಅದೇ ಮನೆಯ ಇನ್ನೊಂದು ಪ್ರಸಂಗವನ್ನು ಅವರು ಮುಪ್ಪಿನವರೆಗೂ ಹೇಳುತ್ತಿದ್ದರು. ಅದೇ ಆವರಣದಲ್ಲಿದ್ದ ಚಿಕ್ಕಪ್ಪನಿಗೆ ಕ್ಷಯ. ಸೋಂಕು ತಗಲೀತೆಂಬ ಭಯಕ್ಕೆ ಹುಡುಗ ಆ ಕೋಣೆಯ ಮುಂದೆ ಮೂಗು ಮುಚ್ಚಿಕೊಂಡು ಓಡುತ್ತಿದ್ದ. ಅಪ್ಪ ಮಾತ್ರ ಪಕ್ಕದಲ್ಲೇ ಕೂತು ಆರೈಕೆ ಮಾಡಿದರು. ಆರೈಕೆ ಮಾಡಿದ ಅಪ್ಪನಿಗೆ ಏನೂ ಆಗಲಿಲ್ಲ, ಓಡಿದ ಹುಡುಗನಿಗೆ ರೋಗ ಬಂತು. ವೈದ್ಯರು ಇದನ್ನು ಕಾಕತಾಳೀಯ ಎಂದಾರು, ಇರಲಿ. ಮಲಗಿದ್ದ ಆ ಹದಿಮೂರರ ಹುಡುಗ ತನ್ನನ್ನು ತಾನೇ ಕೇಳಿಕೊಂಡ: ನನ್ನ ಬಗ್ಗೆ ಮಾತ್ರ ಯೋಚಿಸಿದೆನಲ್ಲ, ಅಪ್ಪ ಹಾಗೆ ಮಾಡಲಿಲ್ಲವಲ್ಲ?

ಇಷ್ಟಾದರೂ, ಈ ಸಂಸ್ಕಾರ ಅವರನ್ನು ನೇರವಾಗಿ ಒಳ್ಳೆಯ ಮಾಲೀಕನನ್ನಾಗಿ ಮಾಡಲಿಲ್ಲ. ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. 1959ರಲ್ಲಿ 28 ಜನರೊಂದಿಗೆ ಕಂಪನಿ ಶುರುವಾದಾಗ ಅವರಿಗಿದ್ದ ಗುರಿ ತನ್ನ ತಂತ್ರಜ್ಞಾನವನ್ನು ಜಗತ್ತಿಗೆ ತೋರಿಸಬೇಕು ಎನ್ನುವುದು. 1961ರಲ್ಲಿ, ಹಿಂದಿನ ವರ್ಷವಷ್ಟೇ ಸೇರಿದ್ದ ಹನ್ನೊಂದು ಹುಡುಗರು ರಕ್ತದ ಮುದ್ರೆ ಒತ್ತಿದ ಬೇಡಿಕೆಪತ್ರ ತಂದು ಮೇಜಿನ ಮೇಲಿಟ್ಟರು. ಮುಂದಿನ ವರ್ಷಗಳ ಸಂಬಳ ಏರಿಕೆಗೆ, ಬೋನಸ್ಸಿಗೆ ಖಾತರಿ ಬೇಕು, ಇಲ್ಲದಿದ್ದರೆ ಎಲ್ಲರೂ ಬಿಡುತ್ತೇವೆ ಎಂದರು. ಆಗ ಇನಮೊರಿಗೆ 29 ವರ್ಷ. ಖಾತರಿ ಕೊಡಲು ಕಂಪನಿಯಲ್ಲಿ ದುಡ್ಡಿರಲಿಲ್ಲ, ಸುಳ್ಳು ಹೇಳಲು ಮನಸ್ಸಿರಲಿಲ್ಲ. ಹುಡುಗರನ್ನು ತನ್ನ ಪುಟ್ಟ ಮನೆಗೆ ಕರೆದುಕೊಂಡು ಹೋಗಿ ಮೂರು ಹಗಲು ಮೂರು ರಾತ್ರಿ ಮಾತಾಡಿದರು. ನಾನು ಮೋಸ ಮಾಡಿದರೆ ಕೊಂದುಬಿಡಿ ಎನ್ನುವವರೆಗೂ ಮಾತು ಹೋಯಿತು. ಕೊನೆಗೆ ಹನ್ನೊಂದೂ ಜನ ಉಳಿದರು.

ಅವರೆಲ್ಲ ಉಳಿದ ಮೇಲೆ ಇನಮೊರಿಗೆ ಸಮಾಧಾನವಾಗಬೇಕಿತ್ತು, ಸಂಕಟವಾಯಿತು. ಊರಲ್ಲಿರುವ ನನ್ನ ಅಪ್ಪ, ಅಮ್ಮ, ತಮ್ಮ, ತಂಗಿಯರಿಗೇ ಸರಿಯಾಗಿ ದುಡ್ಡು ಕಳಿಸಲು ಆಗುತ್ತಿಲ್ಲ, ಯಾರದೋ ಮಕ್ಕಳ ಜೀವನಪೂರ್ತಿ ಹೊಣೆ ನಾನೇಕೆ ಹೊರಬೇಕು ಎಂಬ ಕಹಿ ಕೆಲವು ವಾರ ಕಾಡಿತು. ಅದನ್ನು ಅವರು ಮುಚ್ಚಿಡಲಿಲ್ಲ. ಆ ಕಹಿಯನ್ನು ದಾಟಿ ಬಂದ ಮೇಲೆ ಕಂಪನಿಯ ಉದ್ದೇಶವನ್ನೇ ತಿದ್ದಿ ಬರೆದರು: ಎಲ್ಲ ನೌಕರರ ಭೌತಿಕ, ಮಾನಸಿಕ ನೆಮ್ಮದಿ ಮೊದಲು, ಅದರ ಜೊತೆಗೆ ಸಮಾಜಕ್ಕೆ ಒಳಿತು. ನೌಕರರಿಂದ ಪೆಟ್ಟು ತಿಂದವರು ನೌಕರರ ಕಡೆಗೇ ತಿರುಗಿ ಕೂತರು. ಚಿಕ್ಕಪ್ಪನ ಕೋಣೆಯ ಮುಂದೆ ಓಡಿದ್ದ ಕಾಲುಗಳು ಈ ಸಲ ಓಡಲಿಲ್ಲ ಎಂದು ನನಗನಿಸುತ್ತದೆ.

ಅವರ ಕಥೆಯನ್ನು ಬರೀ ಹೂವಿನಂತೆ ಹೇಳಿದರೆ ತಪ್ಪಾಗುತ್ತದೆ. 2010ರಲ್ಲಿ ದಿವಾಳಿಯೆದ್ದ ಜಪಾನ್ ಏರ್‌ಲೈನ್ಸನ್ನು 78ನೇ ವಯಸ್ಸಿನಲ್ಲಿ, ಸಂಬಳವಿಲ್ಲದೆ ವಹಿಸಿಕೊಂಡರು. ಆ ಪುನಶ್ಚೇತನದ ಯೋಜನೆಯಲ್ಲಿ ಸುಮಾರು 16,000 ನೌಕರಿಗಳು ಹೋದವು. ಕಂಪನಿ 2012ರಲ್ಲಿ ಷೇರುಪೇಟೆಗೆ ಮರಳಿತು. ಮನೆ ಕಲಿಸಿದ್ದು ಎಲ್ಲ ಸಲವೂ ಸುಲಭದ ದಾರಿ ತೋರಿಸುವುದಿಲ್ಲ.

ಈಗ ನಿಮ್ಮ ಶಾಪಿನ ಮಾತು. ಮೊದಲು ಗಿರಾಕಿಗಳ ಲೆಕ್ಕ ಬಿಗಿ ಮಾಡಿ. ಒಬ್ಬ ಗಿರಾಕಿಗೆ ಇಷ್ಟಕ್ಕಿಂತ ಹೆಚ್ಚು ಉದ್ರಿ ಇಲ್ಲ ಎಂದು ಬರೆದಿಡಿ, ಹಳೆಯ ಬಿಲ್ಲು ತೀರದೆ ಹೊಸ ಲಾಟ್ ಮಷೀನಿಗೆ ಹಾಕಬೇಡಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇರದಿದ್ದರೆ ಈ ವಾರವೇ ಮಾಡಿಸಿ. ಸಣ್ಣ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ ಗಿರಾಕಿ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ, ನೀವು ಇದಕ್ಕಾಗಿಯೇ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಹಳೆಯ 14 ಲಕ್ಷದ ಕಾಗದಗಳನ್ನು ವಕೀಲರಿಗೆ ತೋರಿಸಿ. ಇನ್ನು, ಹತ್ತು ನಿಮಿಷಕ್ಕೆ ಅರ್ಧ ದಿನದ ಪಗಾರ ಕಡಿಯುವುದನ್ನು ಇವತ್ತೇ ನಿಲ್ಲಿಸಿ. ಗೈರಾದ ಹೊತ್ತಿಗಿಂತ ಹೆಚ್ಚಿನ ಪಗಾರ ಹಿಡಿಯುವುದನ್ನು ಕಾನೂನೂ ಒಪ್ಪುವುದಿಲ್ಲ. ಅಡ್ವಾನ್ಸಿಗೆ ಒಂದು ವಹಿ ಇಡಿ. ಒಬ್ಬರಿಗೆ ಎಷ್ಟು, ಎಷ್ಟು ಕಂತಿನಲ್ಲಿ ವಾಪಸ್ ಎಂದು ಅದರಲ್ಲಿರಲಿ, ಎಲ್ಲರಿಗೂ ಗೊತ್ತಿರಲಿ. ಮೊದಲ ಸಾಲಿನಲ್ಲಿ ಆ ಟರ್ನರ್ ಹೆಸರು ಬರಲಿ. ಹೆಂಡತಿ ಹೇಗಿದ್ದಾರೆ ಎಂದು ಕೇಳಿ, ಅಂದು ಇಲ್ಲ ಅಂದದ್ದು ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿ. ಚಹಾ ಅಂಗಡಿಯ ಸಾಲ ಅವನು ತೀರಿಸಿಕೊಳ್ಳಲಿ.

ಪ್ರಶ್ನೆ: ಧಾರವಾಡದಲ್ಲಿ ಬಿಬಿಎ ಓದುತ್ತಿದ್ದೇನೆ. ಕಷ್ಟ ಕಂಡವರಿಗೆ ಮಾತ್ರ ಮೌಲ್ಯ ಇರುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಉಂಡುಟ್ಟು ಸುಖವಾಗಿ ಬೆಳೆದವಳು. ಹಾಗಾದರೆ?

ಉತ್ತರ: ಜೆ.ಆರ್.ಡಿ. ಟಾಟಾ ಹುಟ್ಟಿದ್ದು 1904ರಲ್ಲಿ, ಪ್ಯಾರಿಸ್ಸಿನಲ್ಲಿ, ಸಿರಿವಂತರ ಮನೆಯಲ್ಲಿ. ಕೇಂಬ್ರಿಡ್ಜ್‌ಗೆ ಹೋಗುವ ಆಸೆಯಿತ್ತು. ತಂದೆ ಕೆಲಸಕ್ಕೆ ಕರೆಸಿಕೊಂಡರು, 1926ರಲ್ಲಿ ತಂದೆಯೂ ತೀರಿಕೊಂಡರು. ಕಾಲೇಜು ಓದಲಿಲ್ಲ ಎಂಬ ಕೊರಗು ಕೊನೆಯವರೆಗೂ ಇತ್ತು. 1932ರಲ್ಲಿ ಕರಾಚಿಯಿಂದ ಮುಂಬೈಗೆ ಟಪಾಲು ಹೊತ್ತು ತಾವೇ ವಿಮಾನ ಹಾರಿಸಿ ಕಟ್ಟಿದ ಸಂಸ್ಥೆಯನ್ನು 1953ರಲ್ಲಿ ಸರ್ಕಾರ ರಾಷ್ಟ್ರೀಕರಣ ಮಾಡಿತು. ಅದರಿಂದ ಅವರಿಗೆ ತುಂಬ ನೋವಾಗಿತ್ತು. ಆದರೂ ಏರ್ ಇಂಡಿಯಾದ ಅಧ್ಯಕ್ಷರಾಗಿ 1978ರವರೆಗೆ ಉಳಿದರು, ಪ್ರಯಾಣದಲ್ಲಿ ಕಂಡ ಕೊರತೆಗಳನ್ನು, ಚಹಾದ ಬಣ್ಣವನ್ನೂ ಬಿಡದೆ, ಬರೆದು ಕಳಿಸುತ್ತಿದ್ದರು. ಸರ್ಕಾರದ ಮೇಲಿನ ಸಿಟ್ಟನ್ನು ಪ್ರಯಾಣಿಕರ ಮೇಲೆ ತೀರಿಸಿಕೊಳ್ಳಲಿಲ್ಲ. ತಂಗೀ, ಸುಖವಾಗಿ ಬೆಳೆದದ್ದಕ್ಕೆ ನಾಚಬೇಡ. ಆ ಸುಖಕ್ಕೆ ಮನೆಯಲ್ಲಿ ಯಾರು ಯಾರು ದುಡಿದರು ಎಂದು ಕೇಳಿ ತಿಳಿದುಕೋ.

ಪ್ರಶ್ನೆ: ಗಂಗಾವತಿ ಕಡೆ ನಮ್ಮದು ರೈಸ್ ಮಿಲ್. ಯಜಮಾನರು ಹಮಾಲಿಯಿಂದ ಶುರುಮಾಡಿ ಮೇಲೆ ಬಂದವರು. ಮಗ ಎಂಬಿಎ ಮುಗಿಸಿ ಬಂದಿದ್ದಾನೆ, ಕಷ್ಟ ಅಂದರೇನು ಗೊತ್ತಿಲ್ಲ. ಒಂದು ವರ್ಷ ಎಲ್ಲಾದರೂ ಬರಿಗೈಯಲ್ಲಿ ಕಳಿಸಿ ಕಷ್ಟ ತೋರಿಸೋಣ ಎನ್ನುತ್ತಾರೆ ಯಜಮಾನರು. ಸರಿಯೇ?

ಉತ್ತರ: ಸೂರತ್ತಿನ ವಜ್ರದ ವ್ಯಾಪಾರಿ ಸಾವ್ಜಿ ಧೋಲಕಿಯಾ 2016ರಲ್ಲಿ ಮಗನಿಗೆ 7,000 ರೂಪಾಯಿ, ಮೂರು ಜೊತೆ ಬಟ್ಟೆ ಕೊಟ್ಟು ಒಂದು ತಿಂಗಳು ಕೊಚ್ಚಿಗೆ ಕಳಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಯಜಮಾನರ ಮನಸ್ಸಿನಲ್ಲಿರುವುದು ಅಂಥದ್ದೇ ಇರಬೇಕು. ಅದರಿಂದ ಹುಡುಗನಿಗೆ ಸ್ವಲ್ಪ ಲೋಕಜ್ಞಾನ ಬಂದೀತು. ಆದರೆ ಮುಗಿಯುವ ದಿನ ಗೊತ್ತಿರುವ ಕಷ್ಟ ಯಜಮಾನರು ಪಟ್ಟಂಥ ಕಷ್ಟ ಆಗಲಾರದಮ್ಮ. ಮೂಟೆ ಹೊರುವಾಗ ಅವರಿಗೆ ಈ ಬದುಕು ಎಂದು ಮುಗಿಯುತ್ತದೆಂದು ಗೊತ್ತಿತ್ತೇ?

ಕಡಿಮೆ ದರದ ವಿಮಾನ ಸಂಸ್ಥೆ ಏರ್ ಡೆಕ್ಕನ್ ಕಟ್ಟಿದ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರನ್ನು ನೋಡಿ. ಮೇಷ್ಟ್ರಾಗಿದ್ದ ತಂದೆ ಮೊದಲ ಕೆಲವು ವರ್ಷ ಮಗನನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ಕಲಿಸಿದರು. ಹೇಮಾವತಿ ಅಣೆಕಟ್ಟಿಗೆ ಮನೆತನದ ಜಮೀನು ಮುಳುಗಿ, ಬದಲಿಗೆ ಜಾವಗಲ್ ಕಡೆ ಬರಡು ಭೂಮಿ ಸಿಕ್ಕಿತು. ಸೈನ್ಯ ಬಿಟ್ಟು ಬಂದ ಮಗ ಅಲ್ಲಿ ಗುಡಾರ ಹಾಕಿಕೊಂಡು ಬೇಸಾಯಕ್ಕಿಳಿದರು. ಯಾರೂ ಕಳಿಸಿರಲಿಲ್ಲ, ವಾಪಸು ಬರುವ ತಾರೀಕೂ ಇರಲಿಲ್ಲ. ಬೆಳೆ ಕೈಕೊಟ್ಟರೆ ನಷ್ಟ ಅವರದೇ. 2003ರಲ್ಲಿ ಏರ್ ಡೆಕ್ಕನ್‌ನ ಉದ್ಘಾಟನೆಯ ವಿಮಾನದ ಎಂಜಿನ್ನಿಗೆ, ಗಣ್ಯರೆಲ್ಲ ಒಳಗೆ ಕೂತಿದ್ದಾಗಲೇ, ಹೈದರಾಬಾದಿನಲ್ಲಿ ಬೆಂಕಿ ಹತ್ತಿಕೊಂಡಿತು. ಅಂಥ ದಿನವನ್ನು ದಾಟುವ ಗಟ್ಟಿತನ ಆ ಹೊಲದಲ್ಲಿ ಬಂದದ್ದು ಎಂದು ನಾನು ನಂಬುತ್ತೇನೆ.

ಆದ್ದರಿಂದ ಮಗನನ್ನು ದೂರ ಕಳಿಸಬೇಡಿ. ಬರುವ ಸುಗ್ಗಿಯಲ್ಲಿ ತೂಕದ ಕಾಟಾದ ಹತ್ತಿರ ನಿಲ್ಲಿಸಿ. ತೇವಾಂಶ ಹೆಚ್ಚಿದೆ ಎಂದು ಚೀಲಕ್ಕೆ ಎಷ್ಟು ಮುರಿದುಕೊಂಡಿರಿ, ಏಕೆ ಮುರಿದುಕೊಂಡಿರಿ ಎನ್ನುವುದನ್ನು ರೈತನ ಮುಖ ನೋಡಿ ಅವನೇ ಹೇಳಲಿ. ಮೀಟರ್ ಅಂಕಿ ರೈತನಿಗೂ ಕಾಣುವ ಹಾಗೆ ಹಿಡಿಯಲಿ. ತವಡು, ನುಚ್ಚಿನ ವ್ಯಾಪಾರವನ್ನು ಪೂರ್ತಿ ಅವನ ಕೈಗೆ ಬಿಡಿ, ನಷ್ಟವಾದರೆ ತುಂಬಿಕೊಡಬೇಡಿ. ಸಂಜೆ ಹಮಾಲರ ಕೂಲಿ ಬಟವಾಡೆಯೂ ಅವನ ಕೈಯಿಂದಲೇ ಆಗಲಿ, ಯಜಮಾನರು ಪಕ್ಕದಲ್ಲಿ ಕೂತು ತಾವು ಎಷ್ಟು ಕೂಲಿಗೆ ಮೂಟೆ ಹೊತ್ತಿದ್ದರೆಂದು ಹೇಳಲಿ. ಆ ಕಥೆಯನ್ನು ಅವರು ಮಗನಿಗೆ ಇನ್ನೂ ಹೇಳಿಯೇ ಇಲ್ಲ ಎಂದು ನಿಮ್ಮ ಪತ್ರದ ಕೊನೆಯಲ್ಲಿ ಬರೆದಿದ್ದೀರಿ.